ದೂರಿಲ್ಲದ ಕಡವು

ಹೊಳೆಯ ಈಚೆ ದಡದಲ್ಲಿ ಕಲ್ಲಯ್ಯ ಗುರುಗಳ ಮಠ. ಆಚೆ ದಡದಲ್ಲಿ ಊರು. ನಡುವೆ ಆಳವಾದ ಮಡು. ಕಡವಿನಲ್ಲಿ ಜನರನ್ನು ದಾಟಿಸಲು ಮಠದ್ದೇ ಹರಿಗೋಲುಗಳಿದ್ದವು. ಬಿದಿರು ಹೆಣೆದು ತೊಗಲು ಹೊದಿಸಿದ ದುಂಡನೆಯ ಬುಟ್ಟಿಗಳು.

ಶಿವರಾತ್ರಿ ಹತ್ತಿರ ಬಂದಾಗ ಗುರುಗಳು ಶಿಷ್ಯ ಪಂಚಾಕ್ಷರಿಯನ್ನು ಕರೆದರು.

“ಇನ್ನು ಕಡವಿನ ಯಜಮಾನಿಕೆ ನಿನ್ನದು. ಹಬ್ಬದ ದಿನ ಇಡೀ ಊರು ಮಕ್ಕಳುಮರಿ ಕಟ್ಟಿಕೊಂಡು ಹೊಳೆ ದಾಟಿ ಬರುತ್ತದೆ. ಕಾಲು ಒದ್ದೆಯಾಗದೆ ಎಲ್ಲರೂ ದಡ ಸೇರಿದರೆ ಮುಂದೆಯೂ ನೀನೇ ನೋಡಿಕೊ.”

“ಇಲ್ಲವಾದರೆ?”

“ಕೊಟ್ಟಿಗೆ ಇದ್ದೇ ಇದೆ.”

ಪಂಚಾಕ್ಷರಿ ಕೊಟ್ಟಿಗೆಯಲ್ಲಿ ಸಗಣಿ ಬಾಚಿ ಸಾಕಾಗಿದ್ದವನು. ಹೊಸ ಶಾಲು ಹೊದ್ದು, ಬೆಳಕು ಹರಿಯುವ ಮೊದಲೇ ಕಡವಿಗೆ ಹೋಗಿ ನಿಂತ.

ಮೊದಲು ಬಂದವನು ಅಂಬಿಗ ಹುಲಿಗೆಪ್ಪ.

“ಸ್ವಾಮೇರ, ಸಣ್ಣ ಹರಿಗೋಲಿನ ಹೊಲಿಗಿ ಬಿಚ್ಚೇತ್ರಿ.”

“ಯಾರು ಬಿಚ್ಚಿದ್ದು?”

“ಯಾರೂ ಬಿಚ್ಚಿಲ್ರಿ. ಹಳೇದಾಗೇತಿ.”

“ನಿನ್ನೆ ಅದರಲ್ಲಿ ಹುಟ್ಟು ಹಾಕಿದವನು ಯಾರು?”

“ನಾನ ರೀ.”

“ಹಾಗಾದರೆ ನೀನೇ. ಹೋಗಿ ಮರಳಿನ ಮೇಲೆ ಕೂತುಕೋ, ಹೊತ್ತು ಮುಳುಗುವ ತನಕ. ಹೊಣೆಗಾರಿಕೆ ಎಂದರೇನೆಂದು ತಿಳಿಯುತ್ತದೆ.”

ಮಾಘದ ಬಿಸಿಲಿಗೆ ಮರಳು ರೊಟ್ಟಿಯ ಹಂಚಿನಂತೆ ಕಾದಿತ್ತು. ಹುಲಿಗೆಪ್ಪ ಒಂದು ಮಗ್ಗುಲಿಂದ ಇನ್ನೊಂದು ಮಗ್ಗುಲಿಗೆ ಹೊರಳುತ್ತ ಸಂಜೆ ಮಾಡಿದ.

ಮರುದಿನ ತೊಗಲಿಗೆ ಎಣ್ಣೆ ಹಚ್ಚುವ ದುರುಗವ್ವ ಬಂದಳು.

“ಸ್ವಾಮೇರ, ದೊಡ್ಡ ಹರಿಗೋಲನ್ನ ಯಾರೂ ಬೋರಲು ಹಾಕಿ ಒಣಗಿಸಿಲ್ಲ. ನೀರಾಗ ಬಿದ್ದು ತೊಗಲು ನಾರಾಕ ಹತ್ತೇತಿ.”

“ಬೆಳಗ್ಗೆ ಎದ್ದು ಬಾಯಿ ತೆರೆದರೆ ಬರೀ ಅಪಶಕುನ. ನೀನೂ ಮರಳಿಗೆ ನಡೆ.”

“ನಾ ಏನು ಮಾಡೇನ್ರಿ?”

“ಹೇಳಿದೆಯಲ್ಲ.”

ದುರುಗವ್ವ ಹೋಗಿ ಕೂತಳು. ಕೂತಲ್ಲಿಂದಲೇ ಅಂಬಿಗರಿಗೆಲ್ಲ ಬುದ್ಧಿ ಹೇಳಿದಳು. “ಕಂಡದ್ದನ್ನ ಕಣ್ಣಾಗ ಇಟ್ಕೊರಿ. ಬಾಯಿಗೆ ಬಂದ್ರ ಕುಂಡಿ ಸುಡತೈತಿ.”

ಅದರ ಮರುದಿನ ಯಾರೂ ಬರಲಿಲ್ಲ. ಆಮೇಲೆಯೂ ಬರಲಿಲ್ಲ. ಪಂಚಾಕ್ಷರಿಯೇ ಹೋಗಿ “ಹೇಗಿದೆ?” ಎಂದು ಕೇಳಿದರೆ ಎಲ್ಲರದೂ ಒಂದೇ ರಾಗ.

“ಛಲೋ ಐತ್ರಿ.”

ಹಬ್ಬದ ಹಿಂದಿನ ಬೆಳಗ್ಗೆ ಗುರುಗಳು ಬೇವಿನ ಕಡ್ಡಿಯಿಂದ ಹಲ್ಲುಜ್ಜುತ್ತಿದ್ದರು. ಪಂಚಾಕ್ಷರಿ ಬಂದು ಕೈಕಟ್ಟಿ ನಿಂತ.

“ಗುರುಗಳೇ, ತಮ್ಮ ಕಾಲದಲ್ಲಿ ಕಡವಿನಿಂದ ದಿನವೂ ಏನಾದರೊಂದು ದೂರು ಬರುತ್ತಿತ್ತು. ಈಗ ಒಂದೂ ಇಲ್ಲ.”

ಗುರುಗಳು ಕಡ್ಡಿ ಬಾಯಿಂದ ತೆಗೆದರು. “ಹರಿಗೋಲು ಹೊಸವೇ?”

“ಹಳೆಯವೇ. ಶಿಸ್ತು ಹೊಸದು.”

“ಮರಳಿನ ಮೇಲೆ ಯಾರೋ ಕೂತಿದ್ದರಲ್ಲ ಮೊನ್ನೆ?”

“ಅದೇ ಶಿಸ್ತು.”

“ಹಾಗಾದರೆ ಎಲ್ಲ ಚೆನ್ನಾಗಿದೆ?”

“ಎಲ್ಲ ಚೆನ್ನಾಗಿದೆ.”

“ನಡೆ ಮತ್ತೆ. ಆಚೆ ದಡಕ್ಕೆ ಹೋಗಿ ಊರವರನ್ನು ಹಬ್ಬಕ್ಕೆ ಕರೆದು ಬರೋಣ.”

ಬಿಸಿಲೇರಿದ ಮೇಲೆ ಕಡವಿಗೆ ಹೋದರು. ಹುಟ್ಟು ಹಿಡಿದು ಬಂದವನು ಅಂಬಿಗ ಯಮನಪ್ಪ. ಅವನು ಸಣ್ಣ ಹರಿಗೋಲಿನ ತಳ ನೋಡಿದ. ಮರಳು ನೋಡಿದ. ಪಂಚಾಕ್ಷರಿಯ ಮುಖ ನೋಡಿದ. ಹತ್ತಿ ಕೂತ.

ದಡ ಬಿಟ್ಟು ಸ್ವಲ್ಪ ದೂರ ಹೋಗುವಷ್ಟರಲ್ಲಿ ಪಂಚಾಕ್ಷರಿಯ ಪಾದ ತಣ್ಣಗಾಯಿತು.

“ಯಮನಪ್ಪ, ಇದೇನು?”

“ಯಾವುದ್ರಿ?”

“ನೀರು.”

“ಹೊಳಿ ಅಲ್ರಿ ಸ್ವಾಮೇರ. ನೀರು ಇರತೈತಿ.”

“ಒಳಗೆ ಬಂದಿದೆ.”

“ಬರಲಿ ಬಿಡ್ರಿ. ಛಲೋ ನೀರು.”

ಗುರುಗಳು ತೊಡೆಯ ಮೇಲಿದ್ದ ಜೋಳಿಗೆಯನ್ನು ಹೆಗಲಿಗೆ ಏರಿಸಿಕೊಂಡರು.

ಮಡುವಿನ ನಡುವೆ ಹರಿಗೋಲು ಭಾರವಾಗಿ ಬುಗುರಿಯಂತೆ ತಿರುಗತೊಡಗಿತು. ನೀರು ಕಣಕಾಲು ಮುಚ್ಚಿತು. ಗುರುಗಳು ಜೋಳಿಗೆಯನ್ನು ಹೆಗಲಿಂದ ತಲೆಯ ಮೇಲೆ ಇಟ್ಟುಕೊಂಡರು.

“ನಿಜ ಹೇಳು. ಮುಳುಗುತ್ತಿದ್ದೇವೆಯೇ?” ಎಂದ ಪಂಚಾಕ್ಷರಿ.

“ಛಲೋ ಐತ್ರಿ.”

“ಯಮನಪ್ಪಾ, ನನಗೆ ಈಜು ಬರುವುದಿಲ್ಲ.”

“ನನಗ ಬರತೈತ್ರಿ.”

ಪಂಚಾಕ್ಷರಿ ಹರಿಗೋಲಿನ ಅಂಚು ಬಿಗಿಹಿಡಿದ. “ಹೇಳು ಮಾರಾಯ. ಮರಳಿನ ಮೇಲೆ ಕೂರಿಸುವುದಿಲ್ಲ.”

ಯಮನಪ್ಪ ಹುಟ್ಟು ನಿಲ್ಲಿಸಿದ. “ಅಪ್ಪಾರ ಮುಂದ ಆಣಿ ಮಾಡ್ರಿ.”

“ಗುರುಗಳ ಪಾದದಾಣೆ.”

“ಪಾದ ಕಾಣವಲ್ದು. ಇರಲಿ. ದುರುಗವ್ವನ್ನೂ ಕೂಡ್ರಿಸಂಗಿಲ್ಲ?”

“ಯಾರನ್ನೂ ಇಲ್ಲ. ಮೊದಲು ಬಾಯಿ ಬಿಡು.”

ಯಮನಪ್ಪ ಬಾಯಿ ಬಿಟ್ಟ. “ತಳದ ಹೊಲಿಗಿ ಹೋಗೇತಿ. ನಿಮ್ಮ ಬಲಗಾಲಿನ ಬಾಜೂಕ ಅಂಗೈಯಷ್ಟು ತೂತು ಐತಿ. ದೊಡ್ಡ ಹರಿಗೋಲಿನ ತೊಗಲು ಕೊಳತೈತಿ, ನಾಳೆ ಹೆಣ್ಣುಮಕ್ಕಳು ಹುಡುಗರು ಹತ್ತಿದ್ರ ಇದಽ ಜಾಗಾದಾಗ ಹರೀತೈತಿ. ಹಗ್ಗ ಇಲಿ ತಿಂದಾವ. ಮತ್ತ ನೀವು ಆ ಶಾಲು ತಿರುವಿ ಹೊದ್ದೀರಿ, ಮೊದಲನೇ ದಿನದಿಂದ.”

“ಈಗ ಏನು ಮಾಡಲಿ?”

“ಶಾಲು ತೂತಿಗೆ ತುರುಕಿ ಅದರ ಮ್ಯಾಲೆ ಕುಂಡ್ರಿ.”

ಕಡವಿನ ಯಜಮಾನ ತೂತಿನ ಮೇಲೆ ಕೂತ. ಯಮನಪ್ಪ ಬಂದ ದಾರಿಗೇ ಹರಿಗೋಲು ತಿರುಗಿಸಿದ.

“ಅಲುಗಾಡಬೇಡ,” ಎಂದರು ಗುರುಗಳು.

ದಡ ಮುಟ್ಟಿದ ಕೂಡಲೇ ಪಂಚಾಕ್ಷರಿ ಯಾರ ಮುಖವನ್ನೂ ನೋಡಲಿಲ್ಲ. ನೇರವಾಗಿ ಹೋಗಿ ಮರಳಿನ ಮೇಲೆ ಕೂತ. ಕೂತವನು ತಕ್ಷಣ ಎದ್ದ. ಮತ್ತೆ ಕೂತ.

ದುರುಗವ್ವ ಮಜ್ಜಿಗೆ ತಂದಳು. “ಕುಡೀರಿ. ಕುಡಿದು ಏಳ್ರಿ.”

“ತಪ್ಪು ನನ್ನದು. ಹೊತ್ತು ಮುಳುಗುವ ತನಕ ಕೂರುತ್ತೇನೆ.”

“ನೀವಿಲ್ಲಿ ಕುಂತ್ರ ತೊಗಲು ಹಿಡಿಯಾಕ ಯಾರದಾರ? ನಾಳೆ ಊರೇ ಬರತೈತಿ.”

ಆ ದಿನವೆಲ್ಲ ಹೊಲಿಗೆ ನಡೆಯಿತು. ಪಂಚಾಕ್ಷರಿ ತೊಗಲು ಹಿಡಿದ. ಅವನ ಬೆರಳಿಗೆ ದಬ್ಬಳ ಚುಚ್ಚಿದಾಗ ಹುಲಿಗೆಪ್ಪ “ಯಾರು ಚುಚ್ಚಿದ್ದು?” ಎಂದು ಕೇಳಿದ. ಎಲ್ಲರೂ ನಕ್ಕರು. ಸ್ವಲ್ಪ ಹೊತ್ತಾದ ಮೇಲೆ ಪಂಚಾಕ್ಷರಿಯೂ ನಕ್ಕ.

ದೊಡ್ಡ ಹರಿಗೋಲು ಸರಿಹೋಗಲಿಲ್ಲ. ಅದನ್ನು ದಡಕ್ಕೆ ಎಳೆದು ಬೋರಲು ಹಾಕಿದರು. ಹಬ್ಬದ ದಿನ ಜನ ಸಣ್ಣದರಲ್ಲಿ ಸ್ವಲ್ಪಸ್ವಲ್ಪವಾಗಿ ದಾಟಿದರು. ತಡವಾಯಿತೆಂದು ಆಚೆ ದಡದಿಂದಲೇ ಬೈದರು. ಒಣಗಿದ ಕಾಲಿನಲ್ಲಿ ಬಂದು ಈಚೆ ದಡದಲ್ಲೂ ಬೈದರು.

ಹಬ್ಬ ಕಳೆದ ಮೇಲೆ ಕಡವಿನಲ್ಲಿ ದೂರಿನ ಸುಗ್ಗಿ. ಹುಟ್ಟು ಸವೆದಿದೆ. ಹಗ್ಗ ಸಾಲದು. ಯಮನಪ್ಪನ ಹಾಡು ಕೇಳಲಾಗುವುದಿಲ್ಲ. ಸ್ವಾಮೇರು ಸರದಿ ಬಿಟ್ಟು ಹತ್ತುತ್ತಾರೆ. ಪಂಚಾಕ್ಷರಿ ಪ್ರತಿಯೊಬ್ಬನಿಗೂ ಕಷಾಯ ನುಂಗಿದವನ ಮುಖ ಮಾಡಿ, “ಹೇಳಿದ್ದು ಒಳ್ಳೆಯದಾಯಿತು,” ಎನ್ನುತ್ತಿದ್ದ.

ಒಂದು ಮಧ್ಯಾಹ್ನ ಅವನು ಗುರುಗಳ ಬಳಿ ಬಂದ.

“ಕಿವಿ ತುಂಬ ದೂರು, ಗುರುಗಳೇ. ತಮ್ಮ ಕಾಲದ ಹಾಗೇ ಆಗಿಹೋಗಿದೆ.”

“ಒಳ್ಳೆಯದು. ಕಡವು ನೀನೇ ನೋಡಿಕೊ.”

ಪಂಚಾಕ್ಷರಿ ಹೋಗಲಿಲ್ಲ.

“ಮತ್ತೇನು?”

“ಅಂದು ತಳದಲ್ಲಿ ತೂತಿದೆ ಎಂದು ತಿಳಿದೇ ಹತ್ತಿದಿರಲ್ಲವೇ? ನನಗೆ ಪಾಠ ಕಲಿಸಲು?”

“ಇಲ್ಲ. ಎಲ್ಲ ಚೆನ್ನಾಗಿದೆ ಎಂದು ನೀನು ಹೇಳಿದೆ. ನಂಬಿದೆ.”

“ತಮಗೆ ಈಜು ಬರುತ್ತದಲ್ಲ?”

“ಬರುವುದಿಲ್ಲ.”

ಪಂಚಾಕ್ಷರಿ ಧೈರ್ಯ ಮಾಡಿ ಕೇಳಿದ.

“ಹಾಗಾದರೆ ಪಾದಕ್ಕೆ ನೀರು ತಾಗಿದಾಗಲೇ ಏಕೆ ಹೇಳಲಿಲ್ಲ?”

ಗುರುಗಳು ಹೊಳೆಯ ಕಡೆ ನೋಡಿದರು.

“ಹೇಳೋಣ ಎಂದುಕೊಂಡೆ, ಮಗನೇ. ಮರಳು ಬಹಳ ಕಾದಿತ್ತು.”