ಮೊಬೈಲಿನ ಕಾಗೆ

ಬಾಲ್ಕನಿಯ ಕಂಬಿಯ ಮೇಲೆ ಕುಳಿತಿದ್ದ ಕಾಗೆಗೆ ಮೈಯೆಲ್ಲ ಉರಿಯಿತು. ದಿನವೂ ಅದನ್ನೇ ತೋರಿಸಿ ಮಗುವಿಗೆ ತುತ್ತಿಡುತ್ತಿದ್ದ ತಾಯಿ ಮಾಲಿನಿ, ಇವತ್ತು ಮೊಬೈಲಿನಲ್ಲಿ ಕಾಗೆಯ ವಿಡಿಯೋ ಹಾಕಿಕೊಂಡು ಕುಳಿತಿದ್ದಳು.

“ಎದುರಿಗೆ ನಾನಿರುವಾಗ ನಿನ್ನೊಳಗಿನ ಕಾಗೆ ಯಾಕೆ?” ಎಂದು ಅದು ಮೊಬೈಲನ್ನು ಕೇಳಿತು.

“ನಿನಗೆ ಕಾ ಕಾ ಬಿಟ್ಟು ಬೇರೇನು ಬರುತ್ತದೆ? ನಾನು ನೂರು ಹಕ್ಕಿಗಳ ಹೆಸರು ಕಲಿಸುತ್ತೇನೆ. ಮಗು ಹಟವಿಲ್ಲದೆ ಉಣ್ಣುತ್ತದೆ” ಎಂದಿತು ಮೊಬೈಲು.

“ಹೆಸರು ಕಲಿಸು, ಬೇಡವೆನ್ನುವುದಿಲ್ಲ. ಆದರೆ ತಾನು ಉಣ್ಣುತ್ತಿರುವುದು ಮಗುವಿಗೆ ಗೊತ್ತೇ? ತಾಯಿಗಾದರೂ ಗೊತ್ತೇ?”

ಹಾಗೆಂದ ಕಾಗೆ ಕೆಳಗಿಳಿದು ತಟ್ಟೆಯಲ್ಲಿದ್ದ ಮೊಸರನ್ನವನ್ನೆಲ್ಲ ತಿಂದು ಮುಗಿಸಿತು. ಯಾರೂ ಹುಶ್ ಎನ್ನಲಿಲ್ಲ. ಮೊಬೈಲಿನಿಂದ ಕಣ್ಣು ಕೀಳದೆ ಮಾಲಿನಿ ಖಾಲಿ ತಟ್ಟೆಗೆ ಕೈಹಾಕಿ, ಬರಿಬೆರಳನ್ನು ಮಗುವಿನ ಬಾಯಿಗಿಟ್ಟಳು. ಮಗುವೂ ಮೊಬೈಲನ್ನೇ ನೋಡುತ್ತ ಅಗಿದು ನುಂಗಿತು.