ಅಕ್ಕಿ ತುಂಬಿದೆ

"ಗುರುಗಳೇ, ಸರಳವಾದ ಅಡುಗೆಗೆ ಅಷ್ಟೊಂದು ರುಚಿ ಎಲ್ಲಿಂದ ಬರುತ್ತದೆ?" ಎಂದು ಶಿಷ್ಯನೊಬ್ಬ ಕೇಳಿದ. ಅವನು ಆಗಷ್ಟೇ ಭಿಕ್ಷೆಯಿಂದ ಮರಳಿದ್ದ. "ಇವತ್ತು ಒಂದು ಮನೆಯಲ್ಲಿ ಕೂರಿಸಿ ಬಡಿಸಿದರು. ಬರೀ ಅನ್ನ, ಸೊಪ್ಪಿನ ಸಾರು. ಬೇರೇನೂ ಇರಲಿಲ್ಲ. ನಾಚಿಕೆ ಬಿಟ್ಟು ಮತ್ತೆ ಮತ್ತೆ ಹಾಕಿಸಿಕೊಂಡೆ."

"ಹೊಟ್ಟೆ ತುಂಬಿದವನಿಗೆ ಕತೆ ಚೆನ್ನಾಗಿ ಕೇಳಿಸುತ್ತದೆ. ಕುಳಿತುಕೋ" ಎಂದು ಗುರುಗಳು ಹೇಳತೊಡಗಿದರು.

ಒಬ್ಬ ದವಸದ ವ್ಯಾಪಾರಿಯಿದ್ದ. ಗಾಡಿಯಲ್ಲಿ ಅಕ್ಕಿ, ಬೇಳೆ ಹೇರಿಕೊಂಡು ಊರೂರು ತಿರುಗಿ ಮಾರುತ್ತಿದ್ದ. ಹೋದ ಕಡೆಯೆಲ್ಲ ಅವನಿಗೆ ಔತಣ. ಹೋಳಿಗೆ, ಕರಿದದ್ದು, ಹುರಿದದ್ದು ತಿಂದು ತಿಂದು ನಾಲಿಗೆ ಜಡ್ಡುಗಟ್ಟಿತ್ತು. ದಾರಿಯಲ್ಲಿದ್ದ ಒಂದು ಊರಿನಲ್ಲಿ ಅವನ ತಂಗಿಯ ಮನೆ. ಅವಳ ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ನೆರೆಹೊರೆಯವರ ಕಾಳು ಹಸನು ಮಾಡಿಕೊಟ್ಟು ದಿನ ದೂಡುತ್ತಿದ್ದಳು. ಆ ಕಡೆ ಬಂದಾಗಲೆಲ್ಲ ವ್ಯಾಪಾರಿ ಅವಳ ಬಾಗಿಲಲ್ಲಿ ಗಾಡಿ ನಿಲ್ಲಿಸುತ್ತಿದ್ದ. ಅವಳ ಕೈಯಡುಗೆ ಎಂದರೆ ಅವನಿಗೆ ಪ್ರಾಣ.

ಮೊದಮೊದಲು ಅವಳು ಅನ್ನ, ತೊವ್ವೆ, ತುಪ್ಪ ಬಡಿಸಿದಳು. ಅವನು ಹೊಗಳಿದ. ಮುಂದಿನ ಸಲ ತುಪ್ಪವಿರಲಿಲ್ಲ, ತೊವ್ವೆಯ ಬದಲು ತಿಳಿಸಾರು ಬಂತು. ಅವನು ಇನ್ನೂ ಹೊಗಳಿದ. ಆಮೇಲೆ ಸಾರಿನಿಂದ ಬೇಳೆಯೂ ಮಾಯವಾಯಿತು. ಹಿತ್ತಲ ನುಗ್ಗೆಸೊಪ್ಪು, ಹುಣಸೆಹುಳಿ, ಕೆಂಡದಲ್ಲಿ ಸುಟ್ಟ ಬೆಳ್ಳುಳ್ಳಿ, ಅಷ್ಟೇ. ಅವನು ಬೆರಳು ಚೀಪಿದ. "ಊಟ ಬಲ್ಲವನಿಗೆ ರೋಗವಿಲ್ಲ ಅಂತಾರೆ. ಊಟ ಅಂದರೆ ಇದು ನೋಡಮ್ಮ" ಎಂದ. ಆ ಗಾದೆಗೆ ಇನ್ನರ್ಧ ಇದೆ, ಮಾತು ಬಲ್ಲವನಿಗೆ ಜಗಳವಿಲ್ಲ ಎಂದು. ಆ ಅರ್ಧ ಅವನಿಗೆ ನೆನಪಾಗಲಿಲ್ಲ.

ನೀನೂ ಬಡಿಸಿಕೋ ಎಂದರೆ ತಂಗಿ, ನನ್ನದು ಆಮೇಲೆ ಎನ್ನುತ್ತಿದ್ದಳು. ಅವನು ಹೊರಟ ಮೇಲೆ ಅವಳಿಗೆ ಉಳಿಯುತ್ತಿದ್ದದ್ದು ತಳದ ಸಾರು ಮಾತ್ರ. ಅದಕ್ಕೆ ನೀರು ಬೆರೆಸಿ ಕುಡಿದು ಮಲಗುತ್ತಿದ್ದಳು.

ವ್ಯಾಪಾರಿ ಊರಿಗೆ ಹೋಗಿ ಹೆಂಡತಿಗೂ ಪಾಠ ಹೇಳಿದ. ನನ್ನ ತಂಗಿ ಬೇಳೆಯಿಲ್ಲದೆ ಸಾರು ಮಾಡುತ್ತಾಳೆ, ನೀನು ಸೇರುಗಟ್ಟಲೆ ಸುರಿದರೂ ಆ ರುಚಿ ಬರುವುದಿಲ್ಲ ಎಂದ. ಬೇಳೆ ಯಾಕೆ ಹಾಕಲಿಲ್ಲ ಎಂದು ಕೇಳಿದಿರಾ ಎಂದಳು ಹೆಂಡತಿ. ಹೊಟ್ಟೆಕಿಚ್ಚಿಗೆ ಮದ್ದಿಲ್ಲ ಎಂದುಕೊಂಡು ಅವನು ಕೈತೊಳೆದು ಎದ್ದ.

ಹಾಗೆಂದು ಅವನು ಕೆಟ್ಟವನಲ್ಲ. ಪ್ರತಿ ಸಲವೂ ಹೊರಡುವ ಮುಂಚೆ ಬಾಗಿಲಲ್ಲಿ ನಿಂತು ಕೇಳುತ್ತಿದ್ದ.

"ಮನೇಲಿ ಅಕ್ಕಿ ಇದೆಯೇನಮ್ಮ?"

ತಂಗಿ ಒಮ್ಮೆ ಗಾಡಿಯ ಕಡೆ ನೋಡಿ, "ಅಕ್ಕಿ ತುಂಬಿದೆ, ಅಣ್ಣ" ಎನ್ನುತ್ತಿದ್ದಳು.

"ತುಂಬಿದ್ದರೆ ಸರಿ" ಎಂದು ಅವನು ಗಾಡಿ ಹೊಡೆಯುತ್ತಿದ್ದ. ತಂಗಿಯ ಮನೆಗೆ ಯಾವ ಕೊರತೆಯೂ ಇಲ್ಲವೆಂಬ ನೆಮ್ಮದಿ ಮುಂದಿನ ಊರಿನವರೆಗೂ ಅವನ ಜೊತೆಗಿರುತ್ತಿತ್ತು.

ಒಮ್ಮೆ ಬಂದಾಗ ಮನೆಗೆ ಬೀಗ ಹಾಕಿತ್ತು. ಪಕ್ಕದ ಮನೆಯ ಮುದುಕಿ ಹೊರಗೆ ಬಂದು, ನಿನ್ನ ತಂಗಿ ಹೋಗಿಬಿಟ್ಟಳಪ್ಪ ಎಂದಳು. ಬಂದದ್ದು ದೊಡ್ಡ ಜ್ವರವೇನಲ್ಲ, ತಡೆದುಕೊಳ್ಳಲು ಮೈಯಲ್ಲಿ ಕಸುವಿರಲಿಲ್ಲ. ಬಹಳ ದಿನಗಳಿಂದ ಅವಳು ಅರೆಹೊಟ್ಟೆಯಲ್ಲಿದ್ದಳು. ನಾವು ಕೊಡಹೋದರೆ ಬೇಡ, ಅಣ್ಣ ಬರುತ್ತಾನೆ ಎನ್ನುತ್ತಿದ್ದಳು. ಅಣ್ಣ ಬಂದ ದಿನ ಮಾತ್ರ ಹಿತ್ತಲಿನಿಂದ ಬಂದು, ಸೆರಗಿನಲ್ಲಿ ಒಂದಿಷ್ಟು ಅಕ್ಕಿ ಕೇಳಿ ಒಯ್ಯುತ್ತಿದ್ದಳು ಎಂದಳು ಮುದುಕಿ.

ವ್ಯಾಪಾರಿ ಮುದುಕಿಯ ಕಡೆ ತಿರುಗಿದ. "ಒಡಹುಟ್ಟಿದ ಅಣ್ಣ ನಾನು. ನನಗೆ ಒಂದು ಮಾತು ಹೇಳಬಾರದಿತ್ತೇ?"

"ಹೇಳಿದಳಲ್ಲಪ್ಪ. ನೀನು ಕೇಳಿದಾಗಲೆಲ್ಲ ಹೇಳಿದಳು, ನಾನೇ ಕಿವಿಯಾರೆ ಕೇಳಿದೀನಿ. ಅಕ್ಕಿ ಮುಗೀತು ಅಂತ ಯಾವ ಹೆಣ್ಣು ಬಾಯಿಬಿಟ್ಟು ಅಂತಾಳೆ? ಲಕ್ಷ್ಮಿ ಇರೋ ಮಡಕೆ ಅದು. ಖಾಲಿ ಆದರೆ ತುಂಬಿದೆ ಅನ್ನೋದೇ ನಮ್ಮಲ್ಲಿ ವಾಡಿಕೆ."

ವ್ಯಾಪಾರಿ ಗಾಡಿಯಿಂದ ಅಕ್ಕಿಮೂಟೆಯೊಂದನ್ನು ಇಳಿಸಿ ಬೀಗ ಹಾಕಿದ ಬಾಗಿಲ ಮುಂದಿಟ್ಟ. ಅದಕ್ಕೆ ಒರಗಿಕೊಂಡು ಬಹಳ ಹೊತ್ತು ಅತ್ತ. ಬದುಕಿದಷ್ಟು ಕಾಲವೂ ಆ ಸಂಕಟ ಅವನನ್ನು ಬಿಡಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ನಿಟ್ಟುಸಿರುಬಿಟ್ಟು, "ಅದು ಹೆಂಗಸರ ನಡುವಿನ ಮಾತಲ್ಲವೇ, ಗುರುಗಳೇ? ಪಾಪ, ವ್ಯಾಪಾರಿಗೆ ಅದರ ಅರ್ಥ ಗೊತ್ತಿರಲಿಲ್ಲ" ಎಂದ.

"ಗೊತ್ತಿತ್ತು. ಬೇರೆಯವರ ಬಾಗಿಲಲ್ಲಿ ಅದೇ ಮಾತು ಕೇಳಿದರೆ ತಕ್ಷಣ ಗಾಡಿ ನಿಲ್ಲಿಸಿ ಅಕ್ಕಿ ಅಳೆಯುತ್ತಿದ್ದವನಪ್ಪ ಅವನು. ಆದರೆ ತಂಗಿಯ ಮನೆಯಲ್ಲಿ ಊಟ ರುಚಿಯಾಗಿತ್ತು."