ಕೊನೆಗೆ ದಡ ಹತ್ತಿದವನು

“ಗುರುಗಳೆ, ಎಂಟು ಜನರೂ ಚೆನ್ನಾಗಿಯೇ ಕೆಲಸ ಮಾಡಿದ್ದಾರೆ. ಆದರೂ ಅವರಲ್ಲಿ ಒಬ್ಬರನ್ನು ಎಲ್ಲರಿಗಿಂತ ಹಿಂದಿನವರು ಎಂದು ನಾನು ಬರೆದುಕೊಡಬೇಕು. ಯಾರನ್ನು ಬರೆಯಲಿ?” ಎಂದು ವಾರಿಜಾ ಕೇಳಿದಳು.

ವಾರಿಜಾ ಮೂವತ್ತು ದೇಶಗಳಲ್ಲಿ ಕಚೇರಿಗಳಿರುವ ಒಂದು ಕಂಪನಿಯಲ್ಲಿ ಎಂಟು ಜನರ ತಂಡಕ್ಕೆ ಮುಖ್ಯಸ್ಥೆ. ಭಾನುವಾರಗಳಂದು ಗುರುಗಳ ಬಳಿ ಪಾಠಕ್ಕೆ ಬರುತ್ತಿದ್ದಳು. ಪ್ರತಿ ತಂಡದಿಂದಲೂ ವರ್ಷಕ್ಕೊಬ್ಬರನ್ನು ಕೊನೆಯ ಸ್ಥಾನಕ್ಕೆ ಹಾಕಬೇಕೆಂಬುದು ಅವಳ ಕಂಪನಿಯ ನಿಯಮ. ಹಾಗೆ ಹಾಕಿಸಿಕೊಂಡವರಿಗೆ ಆ ವರ್ಷ ಬಡ್ತಿಯಿಲ್ಲ. ಎರಡು ಸಲ ಹಾಕಿಸಿಕೊಂಡರೆ ಕೆಲಸವೇ ಇಲ್ಲ. ಹೆಸರು ಕೊಡಲು ಮರುದಿನವೇ ಕಡೆಯ ದಿನವಾಗಿತ್ತು.

“ನಿಯಮ ಮಾಡಿದವರನ್ನೇ ಕೇಳಬಹುದಿತ್ತಲ್ಲ” ಎಂದರು ಗುರುಗಳು.

“ಯಾರು ಮಾಡಿದರೋ ನನಗೆ ಗೊತ್ತಿಲ್ಲ. ನನ್ನ ಮೇಲಿನವರಿಗೂ ಗೊತ್ತಿಲ್ಲ. ಅವರ ಮೇಲಿನವರು ಬೇರೆ ದೇಶದಲ್ಲಿದ್ದಾರೆ. ಕೇಳಿದೆ, ಅವರಿಗೂ ಗೊತ್ತಿಲ್ಲವಂತೆ.”

“ಅಷ್ಟು ಜನಕ್ಕೆ ಗೊತ್ತಿಲ್ಲ ಅಂದ ಮೇಲೆ ಅದು ಬಹಳ ಗಟ್ಟಿಯಾದ ನಿಯಮವೇ ಇರಬೇಕು” ಎಂದು ಹೇಳಿ ಗುರುಗಳು ಒಂದು ಕತೆ ಶುರು ಮಾಡಿದರು.

ಒಬ್ಬ ವರ್ತಕನಿದ್ದ. ಅವನ ಕೋಠಿಗಳು, ಅಂದರೆ ವ್ಯಾಪಾರದ ಕಚೇರಿಗಳು, ಹನ್ನೆರಡು ದೇಶಗಳಲ್ಲಿದ್ದವು. ಅವನ ಕೆಲಸದವರಲ್ಲಿ ಅವನ ಮುಖ ಕಂಡವರು ಯಾರೂ ಇರಲಿಲ್ಲ. ಹಾಗೆಂದು ಕೆಟ್ಟ ಯಜಮಾನನಲ್ಲ. ಸಂಬಳ ಒಂದು ದಿನವೂ ತಡವಾಗುತ್ತಿರಲಿಲ್ಲ. ಜ್ವರ ಬಂದರೆ ಕೋಠಿಯ ವೈದ್ಯನೇ ಮನೆಗೆ ಬರುತ್ತಿದ್ದ. ಅವನ ಕೆಲಸಕ್ಕೆ ಸೇರಿದವನಿಗೆ ಊರಿನಲ್ಲಿ ಹೆಣ್ಣು ಕೊಡಲು ಜನ ತಾವಾಗಿ ಬರುತ್ತಿದ್ದರು. ಆದರೆ ಹನ್ನೆರಡು ದೇಶದ ಜನರನ್ನು ಮುಖ ನೋಡಿ ತಿಳಿಯುವುದು ಯಾರಿಂದಲೂ ಆಗುವ ಕೆಲಸವಲ್ಲ. ಹಾಗಾಗಿ ಅವನು ಕಾಗದ ನೋಡಿ ತಿಳಿಯಲು ಹೊರಟ.

ಒಂದು ಬಂದರಿನಲ್ಲಿ ಅವನದೊಂದು ದೋಣಿಯಿತ್ತು. ಸಮುದ್ರದಲ್ಲಿ ನಿಂತ ಹಡಗಿನಿಂದ ಮೂಟೆಗಳನ್ನು ದಡಕ್ಕೆ ತರುವುದು ಅದರ ಕೆಲಸ. ಎಂಟು ಅಂಬಿಗರು ಹುಟ್ಟು ಹಾಕುತ್ತಿದ್ದರು. ಅವರ ಮುಖ್ಯಸ್ಥ ತಂಡೇಲ, ಮುಂದೆ ನಿಂತು ದಾರಿ ಹೇಳುತ್ತಿದ್ದ. ನದಿ ಸಮುದ್ರಕ್ಕೆ ಸೇರುವ ಅಳಿವೆಯಲ್ಲಿ ಅಲೆ ಜೋರು. ಅಲ್ಲಿ ದೋಣಿಯ ಬಾಲ ತಿರುಗದಂತೆ ಹಿಡಿಯಲು ಹಿಂದಿನ ಹಲಗೆಯಲ್ಲಿ ಗಟ್ಟಿಗನೊಬ್ಬ ಕೂರಬೇಕು. ಹಾಗೆ ಒಬ್ಬ ಅಂಬಿಗ ಹತ್ತು ವರ್ಷದಿಂದ ಅಲ್ಲಿ ಕೂರುತ್ತಿದ್ದ.

ಒಂದು ವರ್ಷ ದೂರದ ಕೋಠಿಯಿಂದ ಕಾಗದ ಬಂತು. ಪ್ರತಿ ದೋಣಿಯಲ್ಲೂ ಎಲ್ಲರಿಗಿಂತ ಹಿಂದಿನವನು ಯಾರೆಂದು ಬರೆದು ಕಳಿಸಬೇಕು. ಅವನಿಗೆ ಆ ವರ್ಷದ ಹೊಸ ಪಂಚೆ ಇಲ್ಲ. ಎರಡು ಸಲ ಬಂದ ಹೆಸರಿನವನು ಮನೆಗೆ ಹೋಗಬೇಕು. ತಂಡೇಲ ಕಾಗದ ಹಿಡಿದುಕೊಂಡು ಬಂದರಿನಲ್ಲಿ ಲೆಕ್ಕ ಬರೆಯುವ ಗುಮಾಸ್ತನ ಬಳಿಗೆ ಹೋದ.

“ರಾಯ್ರೆ, ಎಂಟೂ ಜನ ಅಂಬಿಗರು ಒಂದೇ ದೋಣೀಲಿ ಬರೋರು. ಒಬ್ಬ ಹಿಂದೆ, ಒಬ್ಬ ಮುಂದೆ ಬರೋದು ಹ್ಯಾಗೆ?”

“ಅದು ನನಗೂ ಗೊತ್ತಿಲ್ಲ ಮಾರಾಯ. ಈ ಕಾಲಂ ಖಾಲಿ ಬಿಟ್ರೆ ಕಾಗದ ವಾಪಸ್ ಬರ್ತದೆ. ಅಷ್ಟು ಗೊತ್ತು.”

ತಂಡೇಲ ಎರಡು ದಿನ ತಲೆ ಕೆಡಿಸಿಕೊಂಡ. ಮೂರನೆಯ ದಿನ ದೋಣಿ ದಡಕ್ಕೆ ತಾಗುವಾಗ ಗಮನಿಸಿದ. ಮುಂದೆ ಕೂತವರು ಮೊದಲು ಇಳಿದರು. ಹಿಂದಿನ ಹಲಗೆಯವನು ಕೊನೆಗೆ ಇಳಿದ. ಹಿಂದಿನ ಹಲಗೆಯವನು ಕೊನೆಗೇ ಇಳಿಯಬೇಕು, ಬೇರೆ ದಾರಿಯಿಲ್ಲ. ತಂಡೇಲ ಅವನ ಹೆಸರು ಬರೆಸಿದ. ಆಮೇಲೆ ಅವನ ಹೆಗಲ ಮೇಲೆ ಕೈಯಿಟ್ಟು, ಬೇಸರ ಮಾಡಿಕೊಳ್ಳಬೇಡ, ಬರೀ ಕಾಗದಕ್ಕೆ ಅಷ್ಟೆ ಎಂದ. ತಂಡೇಲ ಕೆಟ್ಟವನಲ್ಲ ವಾರಿಜಾ. ಆ ದಿನ ಅವನು ಊಟ ಮಾಡಲಿಲ್ಲ.

ಮರುವರ್ಷ ಆ ಅಂಬಿಗ ಎಲ್ಲರಿಗಿಂತ ಮೊದಲು ಬಂದು ಮುಂದಿನ ಹಲಗೆಯಲ್ಲಿ ಕೂತ. ಏಳಪ್ಪ ಎನ್ನಲು ತಂಡೇಲನಿಗೆ ಬಾಯಿ ಬರಲಿಲ್ಲ. ಹಿಂದಿನ ಹಲಗೆಗೆ ಬೇರೆ ಯಾರೂ ಒಪ್ಪಲಿಲ್ಲ. ಕಡೆಗೆ ದಿನವೂ ಚೀಟಿ ಎತ್ತುವುದೆಂದು ಆಯಿತು. ಚೀಟಿ ಬಂದವನು ಮುಖ ಗಂಟಿಕ್ಕಿಕೊಂಡು ಹಿಂದೆ ಕೂರುತ್ತಿದ್ದ. ದಡ ಕಂಡ ಕೂಡಲೇ ಹುಟ್ಟು ಬಿಟ್ಟು, ಮೂಟೆಗಳ ಮೇಲೆ ಹತ್ತಿ ಮುಂದಕ್ಕೆ ಓಡುತ್ತಿದ್ದ. ಉಳಿದವರು ನೀರು ನೋಡುವುದನ್ನು ಬಿಟ್ಟು ಪಕ್ಕದವನ ಹುಟ್ಟು ನೋಡುತ್ತಿದ್ದರು. ಕೋಠಿಗೆ ಹೋದ ಕಾಗದದಲ್ಲಿ ಮಾತ್ರ, ಅಂಬಿಗರಲ್ಲಿ ಹುರುಪು ಹೆಚ್ಚಿದೆ ಎಂದಿತ್ತು.

ಮಳೆಗಾಲ ಹತ್ತಿರವಾದಾಗ ಒಂದು ದಿನ ಅಳಿವೆಯಲ್ಲಿ ದೊಡ್ಡ ಅಲೆ ಬಂತು. ಹಿಂದಿನ ಹಲಗೆಯಲ್ಲಿ ಕೂತಿದ್ದವನಿಗೆ ಬಾಲ ಹಿಡಿದು ಅಭ್ಯಾಸವಿರಲಿಲ್ಲ. ದೋಣಿ ಅಡ್ಡ ತಿರುಗಿ ಮಗುಚಿತು. ಮೂಟೆಗಳೆಲ್ಲ ನೀರುಪಾಲಾದವು. ಅಂಬಿಗರು ಈಜಿ ದಡ ಸೇರಿದರು. ಒಬ್ಬ ಮಾತ್ರ ಕಾಲು ದೋಣಿಗೆ ಸಿಕ್ಕಿ ಮುರಿದು ನೀರಿನಲ್ಲೇ ಉಳಿದಿದ್ದ. ಹಿಂದೆ ಹತ್ತು ವರ್ಷ ಬಾಲ ಹಿಡಿದಿದ್ದ ಅಂಬಿಗ ಅಲೆಗೆ ಎದುರಾಗಿ ವಾಪಸ್ ಹೋಗಿ, ಅವನನ್ನು ಎಳೆದುಕೊಂಡು ಬಂದು, ಮೊದಲು ಅವನನ್ನು ದಡಕ್ಕೆ ಹತ್ತಿಸಿ ಆಮೇಲೆ ತಾನು ಹತ್ತಿದ. ಇಬ್ಬರೂ ಬದುಕಿದರು.

ಅವರು ಮೈ ಒರೆಸಿಕೊಳ್ಳುವ ಮೊದಲೇ ಗುಮಾಸ್ತ ತಂಡೇಲನ ಬಳಿ ಬಂದ. ವರ್ಷದ ಕಾಗದ ಅಂದೇ ಹೋಗಬೇಕಿತ್ತು.

“ಈ ವರ್ಷದ ಹಿಂದಿನವ ಯಾರು, ಹೇಳು.”

“ಎಲ್ಲರೂ ಒಟ್ಟಿಗೇ ಮುಳುಗಿದೆವಲ್ಲ ರಾಯ್ರೆ.”

“ಮುಳುಗಿದ್ದಕ್ಕೆ ಕಾಲಂ ಇಲ್ಲ ಮಾರಾಯ. ಕೊನೆಗೆ ದಡ ಹತ್ತಿದವ ಯಾರು?”

ಕೇಳಿದ್ದಕ್ಕೆ ಉತ್ತರ ಒಂದೇ ಇತ್ತು. ಕೊನೆಗೆ ದಡ ಹತ್ತಿದವನ ಹೆಸರನ್ನೇ ತಂಡೇಲ ಹೇಳಿದ. ಅದು ಆ ಹೆಸರು ಎರಡನೆಯ ಸಲ ಬಂದದ್ದು. ಅಂಬಿಗ ಒದ್ದೆ ಬಟ್ಟೆಯಲ್ಲೇ ಮನೆಗೆ ಹೋದ. ಕಾಗದ ಎಲ್ಲ ಸರಿಯಾಗಿದ್ದುದರಿಂದ ವಾಪಸ್ ಬರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ವಾರಿಜಾಳ ಕಣ್ಣಲ್ಲಿ ನೀರಿತ್ತು. ಅದನ್ನು ಒರೆಸಿಕೊಂಡು ಹೇಳಿದಳು:

“ತಂಡೇಲ ಮಾಡಿದ್ದು ಅನ್ಯಾಯ ಗುರುಗಳೆ. ಯಾರು ಎಲ್ಲಿ ಕೂತಿದ್ದಾರೆ, ಯಾಕೆ ತಡವಾಯಿತು, ಯಾವುದನ್ನೂ ಅವನು ನೋಡಲಿಲ್ಲ. ನಾನು ಹಾಗಲ್ಲ, ವರ್ಷಪೂರ್ತಿ ಯಾರ ಕೆಲಸ ಎಷ್ಟು ಎಂದು ಕೂತು ನೋಡಿದ್ದೇನೆ. ನಮ್ಮಲ್ಲಿ ಒಬ್ಬಳು ಹೆರಿಗೆ ರಜೆಯ ಮೇಲೆ ಆರು ತಿಂಗಳು ಬಂದಿರಲಿಲ್ಲ. ಬಂದ ಮೇಲೆ ಚೆನ್ನಾಗಿಯೇ ಮಾಡಿದಳು. ಆದರೂ ಒಟ್ಟು ನೋಡಿದರೆ ಅವಳದೇ ಕಡಿಮೆ. ಅವಳಿಗೆ ಇದು ಮೊದಲನೆಯ ಸಲ, ಕೆಲಸವೇನೂ ಹೋಗುವುದಿಲ್ಲ. ಅವಳನ್ನು ಬರೆದರೆ ತಪ್ಪಾಗಲಾರದು, ಅಲ್ಲವೆ?”

ಗುರುಗಳು ಹೇಳಿದರು:

“ಹೆಸರನ್ನು ನೀನು ಮನೆಯಲ್ಲೇ ಬರೆದು ತಂದಿದ್ದೀಯ ವಾರಿಜಾ, ಇಲ್ಲಿಗೆ ಬಂದದ್ದು ನನ್ನ ಸಹಿಗೆ.”